ಬೇವಿನದಿನ್ನಿಯಲ್ಲಿ ಒಲೆ ಎಣಿಸಿದ್ದು

ಗಂಡ ಹೆಂಡತಿ ಬೇರೆ ಮನೆ ಮಾಡುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಆದರೆ ಮಾಡಿದ ಮೇಲೆ ಅದನ್ನು ಅತ್ತೆಗೆ ಹೇಳುವವರು ಯಾರು ಎಂಬಲ್ಲಿಗೆ ಬಂದು ಎಂಥ ಧೈರ್ಯದ ಸಂಸಾರವೂ ನಿಂತುಬಿಡುತ್ತದೆ. ನಮ್ಮದೂ ನಿಂತಿತ್ತು. ನಿಮ್ಮ ತಾಯಿ, ನೀವೇ ಹೇಳಿ ಎಂದು ನಾನು. ಹೆಂಗಸರ ವಿಷಯ, ನೀನೇ ಹೇಳು ಎಂದು ನಮ್ಮ ರಾಘವೇಂದ್ರರಾಯರು. ಹೀಗೆ ಒಬ್ಬರ ಮೇಲೊಬ್ಬರು ಹಾಕುತ್ತ ಶ್ರಾವಣ ಹೋಯಿತು, ಗಣೇಶನ ಹಬ್ಬ ಹೋಯಿತು, ಪಿತೃಪಕ್ಷವೂ ಹೋಯಿತು (ಆ ಹದಿನೈದು ದಿನ ಮಾತ್ರ ನಮಗೆ ಶಾಸ್ತ್ರೋಕ್ತವಾದ ನೆಪ ಸಿಕ್ಕಿತ್ತು).

ವಿಷಯ ಇಷ್ಟೇ. ನಾನು ಪೂರ್ಣಶ್ರೀ, ದೇವದುರ್ಗದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮವರು ಅದೇ ಊರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರು. ಮನೆ ಮಾತ್ರ ರಾಯಚೂರಿನಲ್ಲಿ. ಮದುವೆಯಾಗಿ ಎರಡು ವರ್ಷ, ಅದರಲ್ಲಿ ನಾಲ್ಕನೆಯ ಒಂದು ಭಾಗವನ್ನು ನಾವಿಬ್ಬರೂ ಬಸ್ಸಿನಲ್ಲೇ ಕಳೆದಿದ್ದೇವೆ. ಅದೂ ಬೇರೆ ಬೇರೆ ಸೀಟಿನಲ್ಲಿ. ಆದ್ದರಿಂದ ದೇವದುರ್ಗದಲ್ಲಿ ವೀರಭದ್ರಮ್ಮ ಎಂಬವರ ಎರಡು ಕೋಣೆಯ ಮನೆ ನೋಡಿ, ಇಪ್ಪತ್ತು ಸಾವಿರ ಮುಂಗಡ ಕೊಟ್ಟು, ನವೆಂಬರ್ ಒಂದನೇ ತಾರೀಖು ಹಾಲು ಉಕ್ಕಿಸುವುದೆಂದು ಗುಟ್ಟಾಗಿ ನಿಶ್ಚಯ ಮಾಡಿದ್ದೆವು.

ನಮ್ಮ ಅತ್ತೆ ಜಯಾಬಾಯಿಯವರು ಕೆಟ್ಟವರಾಗಿದ್ದರೆ ಇಷ್ಟು ಕಷ್ಟವಿರಲಿಲ್ಲ. ಒಂದು ದಿನ ಚೆನ್ನಾಗಿ ಜಗಳವಾಡಿ ಹೊರಬೀಳಬಹುದಿತ್ತು. ಅವರೋ ಒಳ್ಳೆಯವರು. ಬೆಳಗಿನ ನಾಲ್ಕೂವರೆಗೆ ಎದ್ದು, ಮಡಿಯುಟ್ಟು, ನನ್ನ ಡಬ್ಬಿಗೂ ಅವರ ಮಗನ ಡಬ್ಬಿಗೂ ಪಲ್ಯ ಮಾಡಿಟ್ಟು, ಆಮೇಲೆ ಮಾವನವರ ಅಡುಗೆಗೆ ನಿಲ್ಲುವವರು. ಮಾವನವರು ವಿಶ್ವೇಶಾಚಾರ್ಯರು, ನಿವೃತ್ತ ಸಂಸ್ಕೃತ ಪಂಡಿತರು. ಅವರ ಊಟ ಸರಿಯಾಗಿ ಹನ್ನೊಂದೂಕಾಲಿಗೆ. ಹನ್ನೊಂದೂ ಇಪ್ಪತ್ತಾದರೆ ಅವರು ಏನೂ ಅನ್ನುವುದಿಲ್ಲ, ಗಡಿಯಾರದ ಮುಂದೆ ಹೋಗಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆ ಸದ್ದಿಗೆ ಓಣಿಯ ಬೆಕ್ಕು ಕೂಡ ಜಾಗ ಬಿಟ್ಟು ಏಳುತ್ತದೆ.

ಇಂಥ ಮನೆಗೆ ದಸರಾ ರಜೆಯ ಮೊದಲ ದಿನವೇ ನನ್ನ ಹೆಸರಿಗೆ ಗಣತಿಯ ಆದೇಶ ಬಂತು. ದೇವದುರ್ಗದಿಂದ ಅರಕೇರಾ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಸರಿದಿರುವ ಬೇವಿನದಿನ್ನಿ ಎಂಬ ಸಣ್ಣ ಊರು. ಎಂಬತ್ತೆಂಟು ಮನೆ. ಮನೆ ಎಂಥದು, ಮಂದಿ ಎಷ್ಟು, ವರಮಾನ ಏನು ಎಂದು ಮೊಬೈಲಿನಲ್ಲಿ ತುಂಬಬೇಕು. ತರಬೇತಿಯಲ್ಲಿ ಕೊಟ್ಟ ಕೈಪಿಡಿಯ ಮೊದಲ ಸೂತ್ರ ನನಗೆ ಬಾಯಿಪಾಠ. ಒಂದೇ ಒಲೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರೆಲ್ಲ ಒಂದು ಕುಟುಂಬ. ಒಲೆ ಎರಡಾದರೆ ಕುಟುಂಬ ಎರಡು. ಇಷ್ಟು ಸುಲಭದ ಲೆಕ್ಕಕ್ಕೆ ಮೂರು ದಿನದ ತರಬೇತಿ ಏಕೆ ಎಂದು ನಾನು ಪಕ್ಕದವರ ಹತ್ತಿರ ಜಂಬದಿಂದ ಅಂದದ್ದೂ ಉಂಟು.

ಮೊದಲ ದಿನವೇ ಜಂಬ ಇಳಿಯಿತು. ಹತ್ತಿ ಬಿಡಿಸುವ ಕಾಲ. ಹೆಂಗಸರೆಲ್ಲ ಹೊಲದಲ್ಲಿ. ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಊರಿನ ಪರವಾಗಿ ಉತ್ತರ ಕೊಟ್ಟರು. ಒಬ್ಬ ಎಪ್ಪತ್ತು ಮನೆ ಅಂದ, ಇನ್ನೊಬ್ಬ ನೂರಾ ಹತ್ತು ಅಂದ, ಮೂರನೆಯವನು ಮೊದಲು ಟೀ ಕುಡೀರಿ ಅಂದ. ಸಂಜೆ ಹೆಂಗಸರು ಬಂದ ಮೇಲೆ ಮನೆಗಳಿಗೆ ಹೋದರೆ ಎಲ್ಲರದೂ ಒಂದೇ ಮಾತು, ಏನೂ ಇಲ್ಲ ಅಕ್ಕೋರ. ಹೊತ್ತು ಮುಳುಗುವಾಗ ನನ್ನ ಮೊಬೈಲಿನಲ್ಲಿ ಮನೆ ಇಪ್ಪತ್ಮೂರು, ಒಲೆ ಹತ್ತೊಂಬತ್ತು, ಕುಟುಂಬ ಮೂವತ್ತೊಂದು. ಇಡೀ ಓಣಿಯ ವಾರ್ಷಿಕ ವರಮಾನ ಸೊನ್ನೆ. ಆ ಸೊನ್ನೆಯಲ್ಲೇ ಎರಡು ಟ್ರ್ಯಾಕ್ಟರು, ಹನ್ನೊಂದು ಬೈಕು, ಒಂದು ಮನೆಯಲ್ಲಿ ಗೋಡೆಯಗಲದ ಟಿವಿ.

ಬೂದೆಮ್ಮ ಎಂಬ ಅಜ್ಜಿ ಮಾತ್ರ ಮೂರು ಸಲ ದಾಖಲಾಗಿದ್ದಳು. ಹುಸೇನಪ್ಪನ ಮನೆಯಲ್ಲಿ ಎಪ್ಪತ್ತು ವರ್ಷ, ಪಕ್ಕದ ನಾಗೇಶನ ಮನೆಯಲ್ಲಿ ಎಪ್ಪತ್ತೈದು, ಅದರಾಚೆಯ ಆಂಜನೇಯನ ಮನೆಯಲ್ಲಿ ಎಂಬತ್ತೆರಡು. ಮೂರೂ ಮನೆಯ ಬಾಗಿಲಲ್ಲಿ ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಅಜ್ಜಿ ಕೂತಿದ್ದದ್ದು ನಿಜ. ಆ ಮೂವರೂ ಅಣ್ಣತಮ್ಮಂದಿರು, ಅಜ್ಜಿ ಅವರ ತಾಯಿ, ಗಣತಿ ನೋಡುವ ಆಸೆಗೆ ನನ್ನ ಹಿಂದೆ ಹಿಂದೆಯೇ ಬಂದು ಮನೆಮನೆಯಲ್ಲೂ ಕೂತಿದ್ದಳು ಎಂಬುದು ತಿಳಿಯಲು ನನಗೆ ಮರುದಿನ ಬೇಕಾಯಿತು.

ರಾತ್ರಿ ಊಟಕ್ಕೆ ಕೂತು ಗೋಳು ಹೇಳಿಕೊಂಡೆ. ಅತ್ತೆ ತುಪ್ಪ ಬಡಿಸುತ್ತ, ಪ್ರಶ್ನೆ ಕೇಳುವುದಕ್ಕೆ ಬರಬೇಕು ಅಂದರು. ಆಗ ನನಗೆ ಹೊಳೆಯಿತು.

ನಮ್ಮ ಅತ್ತೆಯವರಿಗೆ ಈ ವಿದ್ಯೆ ದೈವದತ್ತವಾಗಿ ಬಂದಿದೆ. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿನ ತವರೂರು, ಗಂಡನ ಸಂಬಳ, ಮಂಡಿ ನೋವಿನ ಔಷಧ, ಸೊಸೆಯ ಗುಣ ಇವನ್ನೆಲ್ಲ ಅವರು ಅರ್ಧ ದಾರಿಯ ಗಬ್ಬೂರು ಬರುವಷ್ಟರಲ್ಲಿ ತಿಳಿದುಕೊಂಡಿರುತ್ತಾರೆ. ಇಂಥ ಶಕ್ತಿಯನ್ನು ನಾವು ಇಷ್ಟು ದಿನ ಬಸ್ಸಿನಲ್ಲಿ ಪೋಲು ಮಾಡಿದ್ದೆವು. ಅದನ್ನು ರಾಷ್ಟ್ರಸೇವೆಗೆ ಅರ್ಪಿಸಿದರೆ ಹೇಗೆ? ಕೈಪಿಡಿಯನ್ನು ತೆಗೆದು ಪುಟಪುಟವೂ ಓದಿದೆ. ಗಣತಿಗೆ ಅತ್ತೆಯನ್ನು ಕರೆದೊಯ್ಯಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ಗುರುತಿಲ್ಲದ ಊರಿನಲ್ಲಿ ಸೊಸೆ ಒಬ್ಬಳೇ ಮನೆಮನೆ ತಿರುಗುವುದು ಅವರಿಗೂ ಸರಿಬಂದಿರಲಿಲ್ಲ. ಮಾವನವರ ಅಡುಗೆಯನ್ನು ಐದೂವರೆಗೇ ಮುಗಿಸಿ, ಮುಚ್ಚಿಟ್ಟು, ಅತ್ತೆ ನನ್ನ ಜೊತೆ ಹೊರಟರು. ದಾರಿಯಲ್ಲಿ ಮೆಲ್ಲಗೆ ಮನೆಯ ಸುದ್ದಿಯನ್ನೂ ತೆಗೆಯಬಹುದು ಎಂದು ನಾನು ಲೆಕ್ಕ ಹಾಕಿದ್ದೆ. ಅತ್ತೆ ಪಕ್ಕದ ಸೀಟಿನವಳ ಸೊಸೆಯ ಗುಣ ವಿಚಾರಿಸುತ್ತಿದ್ದುದರಿಂದ ಸಂದರ್ಭ ಕೂಡಿ ಬರಲಿಲ್ಲ.

ಬೇವಿನದಿನ್ನಿಯಲ್ಲಿ ಅತ್ತೆಯವರ ಕೆಲಸ ನೋಡಿ ನಾನು ಬೆರಗಾದೆ. ವರಮಾನ ಎಷ್ಟು ಎಂದು ಅವರು ಕೇಳಲೇ ಇಲ್ಲ. ನಾಗರಪಂಚಮಿಗೆ ಮಗಳಿಗೆ ಎಷ್ಟರ ಸೀರೆ ಉಡಿಸಿದಿರಿ, ಉಂಡಿ ಶೇಂಗಾದ್ದೋ ಎಳ್ಳಿನದೋ, ಕೊಬ್ಬರಿ ಎಷ್ಟು ಬಿತ್ತು ಎಂದು ಕೇಳಿದರು. ಹೆಂಗಸರು ಹೊಲಕ್ಕೆ ಹೋಗುವುದನ್ನೂ ಬಿಟ್ಟು ಹೆಮ್ಮೆಯಿಂದ ಹೇಳಿದರು. ಅತ್ತೆ ಒಂದು ಕ್ಷಣ ಕಣ್ಣು ಮುಚ್ಚಿ, ನನ್ನ ಕಿವಿಯಲ್ಲಿ ಒಂದು ಅಂಕಿ ಹೇಳುವರು. ಓಣಿಯ ಸೊನ್ನೆ ಮಧ್ಯಾಹ್ನದ ಹೊತ್ತಿಗೆ ಲಕ್ಷಗಳಲ್ಲಿ ಬೆಳೆದು ನಿಂತಿತು.

ಆದರೆ ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಕೇಳಿದ್ದಕ್ಕೆ ಹೇಳುತ್ತಾರೆ, ಹೇಳಿದ ಮೇಲೆ ಅದೇ ಪ್ರಶ್ನೆಯನ್ನು ತಿರುಗಿ ಕೇಳುತ್ತಾರೆ. ಸಾಸಿವೆ ಕಡ ಕೊಟ್ಟ ಬಟ್ಟಲಿಗೆ ಏನಾದರೂ ಹಾಕಿ ಕಳಿಸಬೇಕಲ್ಲ, ಹಾಗೆ. ನನಗೆ ಮೊದಲ ದಿನ ಯಾರೂ ಬಾಯಿ ಬಿಡದಿದ್ದುದಕ್ಕೆ ಕಾರಣ ಅದೇ. ನಾನು ಕೇಳುತ್ತ ಹೋದೆನೇ ಹೊರತು ನನ್ನ ಮನೆಯ ಒಂದು ಸುದ್ದಿಯನ್ನೂ ಕೊಟ್ಟಿರಲಿಲ್ಲ. ಅತ್ತೆ ಧಾರಾಳಿ. ನನ್ನ ಸಂಬಳ, ಅದರಲ್ಲಿ ಕಡಿತವಾಗುವುದು, ಮಗನ ಸಂಬಳ, ಅದು ನನ್ನದಕ್ಕಿಂತ ಕಡಿಮೆ ಇರುವುದು, ಮಾವನವರ ಪಿಂಚಣಿ, ನಮ್ಮ ಬಚ್ಚಲು ಸೋರುವುದು, ಎಲ್ಲವನ್ನೂ ಕೈತುಂಬ ಹಂಚಿದರು. ಮದುವೆಯಾಗಿ ಎರಡು ವರ್ಷವಾಗಿದೆ ಎಂಬುದು ಹೊರಬಿದ್ದ ಮೇಲೆ ನಾಲ್ಕು ಮನೆಯ ಹೆಂಗಸರು ನನ್ನ ಹೊಟ್ಟೆಯ ಕಡೆ ನೋಡಿದರು. ಒಬ್ಬಳು ಯಾವುದೋ ಬೇರನ್ನು ಅರೆದು ಕೊಡುತ್ತೇನೆಂದು ಒಳಗೇ ಹೋದಳು.

ಎಲ್ಲಕ್ಕಿಂತ ನನ್ನನ್ನು ಇರಿದದ್ದು ಕೊನೆಯ ಪ್ರಶ್ನೆ. ನಿಮ್ಮ ಮನ್ಯಾಗ ಒಲಿ ಎಷ್ಟ್ರೀ ಎಂದು ಅವರು ಕೇಳುವರು. ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು, "ನಾಲ್ಕು ಮಂದಿ. ಒಂದೇ ಒಲಿ" ಎನ್ನುವರು. ಆ ಮಾತಿನಲ್ಲಿ ಎಂಥ ಹೆಮ್ಮೆ! ದಿನಕ್ಕೆ ಇಪ್ಪತ್ತು ಸಲ ಅದನ್ನು ಕೇಳಿಸಿಕೊಂಡು, ಇಪ್ಪತ್ತು ಸಲವೂ ನಾನು ಮೊಬೈಲಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ. ಇವರಿಗೆ ಮೋಸ ಮಾಡುತ್ತಿದ್ದೇನೆ ಎಂದು ನಿಜವಾಗಿಯೂ ನಾಚಿಕೆಯಾಯಿತು.

ಎರಡನೆಯ ದಿನ ಹುಸೇನಪ್ಪನ ಸಾಲಿಗೆ ಮತ್ತೆ ಬಂದೆವು. ಬೂದೆಮ್ಮಂದಿರನ್ನು ಒಬ್ಬಳಿಗೆ ಇಳಿಸಿದ್ದಾಯಿತು. ಒಲೆಯ ಲೆಕ್ಕ ಮಾತ್ರ ಕೈಗೆ ಸಿಗಲಿಲ್ಲ. ಮೂರು ಬಾಗಿಲು, ಮೂರು ಮನೆ ನಂಬರು, ಹನ್ನೆರಡು ಮಂದಿ. ರೊಟ್ಟಿಯೆಲ್ಲ ಹುಸೇನಪ್ಪನ ಹೆಂಡತಿ ಯಶೋಧಾಳ ಒಲೆಯಲ್ಲಿ, ಏಕೆಂದರೆ ರೊಟ್ಟಿ ಅವಳ ಕೈಯಲ್ಲಿ ಉಬ್ಬಿದಂತೆ ಬೇರೆಯವರ ಕೈಯಲ್ಲಿ ಉಬ್ಬುವುದಿಲ್ಲ. ಬೇಳೆ, ಪಲ್ಯ ನಾಗೇಶನ ಮನೆಯ ಗ್ಯಾಸಿನಲ್ಲಿ. ಚಹಾ ಮತ್ತು ಸ್ನಾನದ ನೀರು ಆಂಜನೇಯನ ಮನೆಯಲ್ಲಿ. ಉಣ್ಣುವುದು ಯಾರು ಎಲ್ಲಿ ಕೂತಿದ್ದರೆ ಅಲ್ಲಿ. ಒಂದು ತುತ್ತಿನಲ್ಲಿ ರೊಟ್ಟಿ ಒಂದು ಒಲೆಯದು, ಅದಕ್ಕೆ ಹಚ್ಚಿದ ಪಲ್ಯ ಇನ್ನೊಂದು ಒಲೆಯದು. ಆ ತುತ್ತು ನುಂಗಿದವನು ಯಾವ ಕುಟುಂಬ?

ಮೂವರೂ ಒಂದೇ ಕುಟುಂಬ ಎಂದು ಹುಸೇನಪ್ಪ ಮೊದಲು ಎದೆ ತಟ್ಟಿ ಹೇಳಿದ. ಕುಟುಂಬಕ್ಕೆ ಒಂದರಂತೆ ಮನೆ ಮಂಜೂರಾಗುತ್ತದಂತೆ ಎಂದು ಯಾರೋ ಹಿಂದಿನಿಂದ ಅಂದರು. ಕೂಡಲೇ ನಾವು ಮೂರು ಕುಟುಂಬ, ಬೇರೆಯಾಗಿ ಹತ್ತು ವರ್ಷವಾಯಿತು ಅಂದ. ಎರಡೆಕರೆ ಮೇಲಿದ್ದವರ ರೇಷನ್ ಕಾರ್ಡು ಹೋಗುತ್ತದಂತೆ ಎಂದು ಇನ್ನೊಬ್ಬರು ಅಂದ ಮೇಲೆ ಅವರ ಕುಟುಂಬಗಳು ಆರಾದವು. ಇದು ಯಾವುದನ್ನೂ ಕೊಡುವ ಗಣತಿಯೂ ಅಲ್ಲ, ಕಿತ್ತುಕೊಳ್ಳುವ ಗಣತಿಯೂ ಅಲ್ಲ ಎಂದು ನಾನು ಗಂಟಲು ಹರಿದುಕೊಂಡೆ. ಹಾಗಾದರೆ ಯಾತಕ್ಕೆ ಎಣಿಸುತ್ತೀರಿ ಎಂದು ಬೂದೆಮ್ಮ ಕೇಳಿದಳು. ಸಮಾಜ ವಿಜ್ಞಾನದಲ್ಲಿ ಅದಕ್ಕೆ ಒಳ್ಳೆಯ ಉತ್ತರವಿದೆ, ಆ ಹೊತ್ತಿಗೆ ನೆನಪಾಗಲಿಲ್ಲ. ಮೇಲ್ವಿಚಾರಕರಿಗೆ ಫೋನು ಹಚ್ಚಿದೆ. ಒಂದು ಹಾಕ್ರಿ ಅಂದರು. ರೊಟ್ಟಿ ಪಲ್ಯದ ವಿಚಾರ ವಿವರಿಸಿದೆ. ಮೂರು ಹಾಕ್ರಿ ಅಂದರು. ಚಹಾದ ವಿಚಾರ ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು (ಹೋಯಿತೋ, ಅವರೇ ಕಳಿಸಿದರೋ).

ನಾನು ತಲೆಯ ಮೇಲೆ ಕೈ ಹೊತ್ತಾಗ ಅತ್ತೆ ಮುಂದೆ ಬಂದು ಯಶೋಧಾಳ ಎದುರು ಕೂತರು.

"ನಿಮ್ಮೊಳಗ ಜಗಳ ಆದಾಗ ಏನ ಮಾಡ್ತೀರವಾ?"

"ನಾ ರೊಟ್ಟಿ ಬಡಿಯಾಂಗಿಲ್ರೀ" ಎಂದಳು ಯಶೋಧಾ.

"ಅವಾಗ ಇವರೆಲ್ಲಾ?"

"ಕುಂದರ್ತಾರ. ಮೂರೂ ಮನ್ಯಾಗ ಖಾಲಿ ಬುಟ್ಟಿ ನೋಡ್ಕೊಂತ ಕುಂದರ್ತಾರ."

ಅತ್ತೆ ನನ್ನ ಕಡೆ ತಿರುಗಿದರು. "ಒಬ್ಬಾಕಿ ಸಿಟ್ಟಿಗೆ ಮೂರು ಮನಿ ಉಪವಾಸ ಬಿದ್ದರ ಅದು ಒಂದೇ ಕುಟುಂಬ. ಬರಕೋ ಪೂರ್ಣಾ."

ಬರೆದುಕೊಂಡೆ. ಕೈಪಿಡಿ ಬರೆದ ಮಹನೀಯರಿಗೆ ಒಬ್ಬ ಅತ್ತೆ ಸಿಕ್ಕಿದ್ದರೆ ಅದು ನಲವತ್ತು ಪುಟ ಆಗುತ್ತಿರಲಿಲ್ಲ. ಆ ಸೂತ್ರ ಹಿಡಿದು ಮುಂದಿನ ಐವತ್ತು ಮನೆಗಳನ್ನು ನಾವು ಎರಡು ದಿನದಲ್ಲಿ ಮುಗಿಸಿದೆವು.

ನಾಲ್ಕನೆಯ ದಿನ ಉಳಿದದ್ದು ಊರ ಅಂಚಿನ ಕೊನೆಯ ಮನೆ. ಗೋಪಮ್ಮನದು. ಐವತ್ತೈದು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಗಂಡ ತೀರಿ ಐದು ವರ್ಷವಾಗಿತ್ತು. ಇಬ್ಬರು ಮಕ್ಕಳು, ಸೊಸೆಯರು ಪಕ್ಕದ ದೊಡ್ಡ ಮನೆಯಲ್ಲೇ ಇದ್ದರು. ಚೆನ್ನಾಗಿಯೇ ಇದ್ದರು. ಗೋಪಮ್ಮ ಮಾತ್ರ ಈಚೆಗೆ ಒಂದೇ ಕೋಣೆ ಹಾಕಿಸಿಕೊಂಡು, ಒಂದು ಒಲೆ ಹೂಡಿಕೊಂಡು, ಹನ್ನೆರಡು ಆಡು ಸಾಕಿಕೊಂಡಿದ್ದಳು. ಮಕ್ಕಳು ನೋಡಿಕೊಳ್ಳುವುದಿಲ್ಲವೇನು ಎಂದು ಅತ್ತೆ ಮರುಕದಿಂದ ಕೇಳಿದರು. ಅವರು ನೋಡಿಕೊಳ್ಳುತ್ತಾರೆ, ನನಗೇ ಸಾಕಾಗಿದೆ ಎಂದು ಗೋಪಮ್ಮ ನಕ್ಕಳು.

"ಹಸಿವಾದಾಗ ಒಲಿ ಹಚ್ತೀನ್ರೀ ಅವ್ವಾರ. ಆಗಲಿಲ್ಲಂದ್ರ ಹಚ್ಚಾಂಗಿಲ್ಲ. ಒಂದೊಂದು ದಿನ ಬರೇ ಚುರುಮುರಿ ತಿಂದು ಮಕ್ಕೊಂತೀನಿ. ಯಾರೂ ಏನೂ ಅನ್ನಾಂಗಿಲ್ಲ."

ಅತ್ತೆ ಮುಂದಿನ ಪ್ರಶ್ನೆ ಕೇಳಲಿಲ್ಲ. ಮೂರು ದಿನದಲ್ಲಿ ಅವರು ಪ್ರಶ್ನೆ ಮರೆತದ್ದು ಅದೊಂದೇ ಸಲ. ನಾನೇ ತುಂಬತೊಡಗಿದೆ. ಕುಟುಂಬದ ಮುಖ್ಯಸ್ಥರು ಗೋಪಮ್ಮ, ಸದಸ್ಯರು ಒಂದು. ಅತ್ತೆ ಬಗ್ಗಿ ನನ್ನ ಮೊಬೈಲು ನೋಡಿದರು. ಒಬ್ಬಾಕೆ ಇದ್ದರೂ ಸರ್ಕಾರದವರು ಅದಕ್ಕೆ ಕುಟುಂಬ ಅಂತಾರೇನು ಎಂದು ಮೆಲ್ಲಗೆ ಕೇಳಿದರು. ಅಂತಾರೆ ಅತ್ಯಾ, ಒಲೆ ಬೇರೆ ಇದ್ದರೆ ಸಾಕು ಅಂದೆ. ಕೈಪಿಡಿಯ ಎಂಟನೇ ಪುಟ ತೆಗೆದು ಬೆರಳಿಟ್ಟೂ ತೋರಿಸಿದೆ. ನನ್ನ ಬುದ್ಧಿಗೆ ಏನೆನ್ನಬೇಕು.

ಈಗ ತಿರುಗಿ ಕೇಳುವ ಸರದಿ ಗೋಪಮ್ಮನದು. ನಿಮ್ಮಲ್ಲಿ ಒಲೆ ಎಷ್ಟು ಎಂದಳು. ಒಂದೇ ಒಲೆ ಎಂದರು ಅತ್ತೆ. ಗೋಪಮ್ಮ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಕೊರಳಿನ ಗುರುತಿನ ಚೀಟಿಯನ್ನು ನೋಡಿದಳು.

"ಮತ್ತ ದೇವದುರ್ಗದಾಗ ನಮ್ಮಕ್ಕ ವೀರಭದ್ರಮ್ಮನ ಮನಿ ಹಿಡಿದವರು ನೀವ ಅಲ್ಲೇನ್ರೀ ಅಕ್ಕೋರ? ಹೈಸ್ಕೂಲಿನಾಕಿ, ಗಂಡ ಬ್ಯಾಂಕಿನಾಗ, ರಾಯಚೂರು ಆಚಾರ್ರ ಪೈಕಿ, ಇಪ್ಪತ್ತು ಸಾವಿರ ಕೊಟ್ಟಾರ, ಒಂದನೇ ತಾರೀಕಿಗೆ ಬರ್ತಾರ ಅಂತ ಅಕ್ಕ ಹೇಳಿದ್ಲು."

ಭೂಮಿ ಬಾಯಿ ತೆರೆದರೆ ಒಳಗೆ ಹೋಗೋಣವೆಂದರೆ ಬೇವಿನದಿನ್ನಿಯ ನೆಲ ಕರೀ ಕಲ್ಲು. ಒಂದು ಆಡು ನನ್ನ ಕೈಪಿಡಿಯ ಮೂಲೆ ತಿನ್ನತೊಡಗಿತ್ತು, ಬಿಡಿಸಿಕೊಳ್ಳಲಿಲ್ಲ. ಅತ್ತೆ ಬೈಯುತ್ತಾರೆ, ಅಳುತ್ತಾರೆ, ಇಲ್ಲಿಯೇ ಕೂತುಬಿಡುತ್ತಾರೆ ಎಂದು ಕಾದೆ. ಅವರು ಗೋಪಮ್ಮನ ಕಡೆ ತಿರುಗಿ, "ಕುಡಿಯೋ ನೀರು ನಳದ್ದೋ, ಬೋರಿಂದೋ?" ಎಂದು ಕೇಳಿದರು. ಗಣತಿ ಮುಂದುವರಿಯಿತು. ಅಷ್ಟು ಭಯ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆಟೋ ಹಿಡಿದು ದೇವದುರ್ಗಕ್ಕೆ ಬಂದೆವು. ರಾಯಚೂರು ಬಸ್ಸು ನಿಂತಿತ್ತು. ಅತ್ತೆ ಅದರ ಕಡೆ ನೋಡಲೂ ಇಲ್ಲ. "ನಡಿ, ಮನಿ ತೋರಿಸು" ಎಂದರು.

ತೋರಿಸಿದೆ. ವೀರಭದ್ರಮ್ಮ ಬೀಗ ತೆಗೆದರು. ಅತ್ತೆ ಮೂರು ದಿನದ ಅಭ್ಯಾಸದ ಮೇಲೆ ಒಂದೊಂದಾಗಿ ನೋಡುತ್ತ ಹೋದರು. ಗೋಡೆ ಸಿಮೆಂಟಿನದು, ನೆಲ ಶಹಾಬಾದ ಕಲ್ಲಿನದು, ಮೇಲೆ ಆರ್‌ಸಿಸಿ, ಬಚ್ಚಲು ಒಳಗೆ, ನಳ ದಿನ ಬಿಟ್ಟು ದಿನ. ಅಡುಗೆಮನೆಯ ಕಿಟಕಿ ತೆಗೆದು ಹೊರಗೆ ನೋಡುತ್ತ ಬಹಳ ಹೊತ್ತು ನಿಂತರು. ಅತ್ಯಾ, ಹೇಳಬೇಕಂತಲೇ ಇದ್ದೆವು ಎಂದು ನಾನು ಬಾಯಿ ತೆಗೆದರೆ ಕೈಯೆತ್ತಿ ಸುಮ್ಮನಾಗಿಸಿದರು. ಎಷ್ಟು ಮಂದಿ ಬರ್ತೀರಿ ಎಂದು ವೀರಭದ್ರಮ್ಮ ಕೇಳಿದಾಗ, "ಒಬ್ಬಾಕಿ" ಎಂದರು.

ಒಬ್ಬಾಕಿ! ನನ್ನನ್ನು ಮಾತ್ರ ಇಲ್ಲಿ ತಂದು ಬಿಡುವುದೆಂದು ತೀರ್ಮಾನಿಸಿದ್ದಾರೆ. ಮಗನನ್ನು ಕೊಡುವುದಿಲ್ಲ. ಎರಡು ವರ್ಷದ ಸಂಸಾರ ಈ ಎರಡು ಕೋಣೆಯಲ್ಲಿ ಮುಗಿಯಿತು. ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ, ನಾನು ಅವರ ಪಕ್ಕ. ರಾಯಚೂರು ಮುಟ್ಟುವ ತನಕ ಅವರು ಯಾರಿಗೂ ಒಂದು ಪ್ರಶ್ನೆ ಕೇಳಲಿಲ್ಲ. ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ನಮ್ಮವರಿಗೆ ಮೆಸೇಜು ಹಾಕಿದೆ, ಎಲ್ಲ ಗೊತ್ತಾಗಿದೆ ಎಂದು. ನನಗೆ ಏನೂ ಗೊತ್ತಿಲ್ಲವೆಂದು ಹೇಳು ಎಂದು ಆ ವೀರರು ಉತ್ತರ ಬರೆದರು.

ರಾತ್ರಿ ಎಲೆಗಳ ಮುಂದೆ ಎಲ್ಲರೂ ಕೂತ ಮೇಲೆ ಅತ್ತೆ ಸೌಟು ಕೆಳಗಿಟ್ಟು ಹೇಳಿದರು. ದೇವದುರ್ಗದಲ್ಲಿ ಒಂದು ಮನೆ ಆಗಿದೆ, ಒಂದನೇ ತಾರೀಖಿಗೆ ಹಾಲು ಉಕ್ಕಿಸುವುದು, ಅಲ್ಲಿಗೆ ನಾನು ಹೋಗಿ ಇರುತ್ತೇನೆ.

ಮಾವನವರ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ಗಂಟಲು ಸರಿಮಾಡಿಕೊಂಡರು. ಈ ಸಲ ಯಾರೂ ಏಳಲಿಲ್ಲ. ನಮ್ಮವರು ನನ್ನನ್ನು ನೋಡಿದರು, ನಾನು ಉಪ್ಪಿನಕಾಯಿಯನ್ನು ನೋಡಿದೆ. ಮಾವನವರು ಕೊನೆಗೆ, ನನ್ನ ಊಟ ಎಂದು ಎರಡೇ ಶಬ್ದ ಕೇಳಿದರು.

"ನಲವತ್ತೊಂದು ವರ್ಷ ನಿಮ್ಮ ಹನ್ನೊಂದೂಕಾಲಿಗೆ ಮಾಡಿ ಹಾಕೀನಿ" ಎಂದರು ಅತ್ತೆ. ದನಿಯಲ್ಲಿ ಸಿಟ್ಟು ಇರಲಿಲ್ಲ. "ಒಂದು ದಿನನೂ ನನಗ ಹಸಿವಾದಾಗ ನಾ ಉಂಡಿಲ್ಲ. ಹಸಿವಾಗ್ತದೋ ಇಲ್ಲೋ ಅನ್ನೋದ ನನಗ ಮರತು ಹೋಗೇದ. ಇವರು ಹ್ಯಾಂಗೂ ಬ್ಯಾರೆ ಆಗಬೇಕಂತ ಮನಿ ಹಿಡಿದಾರ. ಆಗಲಿ. ಅವರು ಹೋಗೋದ್ರ ಬದಲು ನಾ ಹೋಗ್ತೀನಿ. ಒಲಿ ಎರಡ ಆಗ್ತಾವ, ಅಷ್ಟ. ಇಲ್ಲೀದು ಪೂರ್ಣಾಗ ಬಿಟ್ಟೀನಿ."

ಅಲ್ಲಾ ಅತ್ಯಾ ಎಂದು ಶುರುಮಾಡಿದ್ದೆ, ಅವರ ಮುಖ ನೋಡಿ ನುಂಗಿಕೊಂಡೆ. ಎರಡು ವರ್ಷ ಅವರ ಕೈಯ ಡಬ್ಬಿ ಉಂಡವಳು, ಅವರು ಯಾವಾಗ ಉಣ್ಣುತ್ತಾರೆಂದು ನಾನು ಒಂದು ದಿನ ನೋಡಿದವಳಲ್ಲ. ಎಂಬತ್ತೆಂಟು ಮನೆಯ ಒಲೆ ಎಣಿಸಿ ಬಂದಿದ್ದೆ, ಅಷ್ಟೆ. ನಮ್ಮವರು ಮಾತ್ರ ಏನೋ ಮಹಾ ತ್ಯಾಗ ಮಾಡಿದವರಂತೆ, ಅವ್ವನ ಇಷ್ಟದಂತೆ ಆಗಲಿ ಬಿಡು ಎಂದರು.

ನವೆಂಬರ್ ಒಂದರಂದು ದೇವದುರ್ಗದಲ್ಲಿ ಹಾಲು ಉಕ್ಕಿತು. ಬೇವಿನದಿನ್ನಿಯಿಂದ ಗೋಪಮ್ಮ ಒಂದು ಚೀಲ ಶೇಂಗಾ ತಂದು ಕೊಟ್ಟಳು. ಮಾವನವರು ಪೂಜೆ ಮಾಡಿ, ಉಂಡು, ಸಂಜೆಯ ಬಸ್ಸಿಗೆ ನಮ್ಮಿಬ್ಬರ ಜೊತೆ ರಾಯಚೂರಿಗೆ ಬಂದರು. ರಾಯಚೂರಿನ ಮಠದ ಪ್ರವಚನ ಬಿಟ್ಟು ಅವರು ಎಲ್ಲಿಗೂ ಹೋಗುವವರಲ್ಲ.

ಈಗ ನಾನು ನಾಲ್ಕಕ್ಕೆ ಏಳುತ್ತೇನೆ. ಮಡಿಯುಟ್ಟು ಮಾವನವರ ಅನ್ನ, ಸಾರು, ಎರಡು ಪಲ್ಯ, ಕೋಸಂಬರಿ ಮಾಡಿ ಹಾಟ್‌ಬಾಕ್ಸಿನಲ್ಲಿಟ್ಟು ಆರೂ ಮುಕ್ಕಾಲಿನ ಬಸ್ಸು ಹಿಡಿಯುತ್ತೇನೆ. ಹಾಟ್‌ಬಾಕ್ಸು ಮಡಿಗೆ ಬರುತ್ತದೆಯೇ ಎಂಬ ಬಗ್ಗೆ ಮಾವನವರು ಒಂದು ವಾರ ಗ್ರಂಥಗಳನ್ನು ತಿರುವಿಹಾಕಿದರು. ಎಂಟನೆಯ ದಿನ ಹಸಿವು ಜಾಸ್ತಿಯಾಗಿ, ಮಡಿಗೆ ಬರುತ್ತದೆ ಎಂಬ ನಿರ್ಣಯವಾಯಿತು.

ನಮ್ಮವರು ಮೊದಲ ವಾರ ಮಧ್ಯಾಹ್ನದ ಊಟಕ್ಕೆ ತಾಯಿಯ ಮನೆಗೆ ಹೋಗತೊಡಗಿದರು, ಬ್ಯಾಂಕಿಗೆ ಹತ್ತಿರ ಎಂದು. ಎರಡನೆಯ ವಾರ ಒಂದು ಸಂಜೆ ಮೋಡವಾಗಿದೆಯೆಂದು ಅಲ್ಲಿಯೇ ಉಳಿದರು. ಮ್ಯಾನೇಜರು ಬೇಗ ಬರಲು ಹೇಳಿದ್ದಾರೆ, ಬೆನ್ನು ಹಿಡಿದಿದೆ, ಅವ್ವ ಒಬ್ಬಳೇ ಆಗುತ್ತಾಳೆ ಎಂದು ಮೂರನೆಯ ವಾರ ಅವರ ನಾಲ್ಕು ಅಂಗಿ, ಎರಡು ಪ್ಯಾಂಟು, ದಾಡಿಯ ಡಬ್ಬಿ ದೇವದುರ್ಗಕ್ಕೆ ಹೋದವು. ಒಬ್ಬಾಕಿಯೇ ಇರಬೇಕೆಂದಿದ್ದ ಅತ್ತೆಗೆ ಇದರಿಂದ ತೊಂದರೆಯಾಗಲಿಲ್ಲವೇ ಎಂದು ಕೇಳಿದೆ. ತನಗೆ ಹಸಿವಾದಾಗ ಮಾಡುತ್ತೇನೆ, ಅವನು ಇದ್ದರೆ ಉಣ್ಣುತ್ತಾನೆ, ಇಲ್ಲದಿದ್ದರೆ ಚುರುಮುರಿ ಇದೆ ಅಂದರು. ಮುಖ ಗೆಲುವಾಗಿತ್ತು, ಎರಡು ಕಿಲೋ ತೂಕವೂ ಬಂದಿತ್ತು. ನಾನೂ ಇಲ್ಲಿಗೇ ಬಂದುಬಿಡಲೇ ಎಂದು ನಮ್ಮವರನ್ನು ಕೇಳಿದರೆ, ಅಪ್ಪನ ಹತ್ತಿರ ಯಾರಾದರೂ ಬೇಕಲ್ಲ, ನನಗೆ ಒಲೆ ಹಚ್ಚಲಿಕ್ಕೆ ಬರುವುದಿಲ್ಲ ಎಂದರು.

ಗಣತಿಯ ಗಡುವು ಎರಡು ಸಲ ಮುಂದೆ ಹೋಗಿತ್ತು. ದೇವದುರ್ಗದ ಆ ಓಣಿ ನಮ್ಮ ಶಾಲೆಯ ರಾಧಾ ಟೀಚರ್ ಪಾಲಿಗೆ ಬಂದಿತ್ತು. ಮೊನ್ನೆ ಶಾಲೆ ಬಿಟ್ಟ ಮೇಲೆ ನಾನು ಅತ್ತೆಯ ಮನೆಯಲ್ಲಿ ಒಗ್ಗರಣೆ ಹಾಕಿದ ಚುರುಮುರಿ, ನಮ್ಮ ಕಡೆಯ ಮಂಡಾಳ, ತಿನ್ನುತ್ತ ಕೂತಿದ್ದಾಗ ಅವರು ಮೊಬೈಲು ಹಿಡಿದು ಬಂದರು. ಅತ್ತೆ ಅವರನ್ನು ಕೂಡಿಸಿ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡತೊಡಗಿದರು. ಗೋಡೆ, ನೆಲ, ನಳ ಎಲ್ಲ ಸರಾಗ. ಒಲೆ ಒಂದು. ಮುಖ್ಯಸ್ಥರು ಜಯಾಬಾಯಿ. ಸದಸ್ಯರು ಇಬ್ಬರು, ತಾನು ಮತ್ತು ಮಗ ರಾಘವೇಂದ್ರ. ಮಗನಿಗೆ ಮದುವೆಯಾಗಿದೆ.

ರಾಧಾ ಟೀಚರ್ ಬೆರಳು ನಿಲ್ಲಿಸಿ ನನ್ನ ಕಡೆ ನೋಡಿದರು. ಸೊಸೆಯನ್ನು ಬರೆಯುವುದೇ ಎಂದರು. ಅತ್ತೆಯೂ ನನ್ನ ಕಡೆ ನೋಡಿದರು. ಅವರು ಸತ್ಯವಂತರು. ಸರ್ಕಾರಕ್ಕೆ ಸುಳ್ಳು ಹೇಳುವ ಮನೆತನ ನಮ್ಮದಲ್ಲ.

"ಇಲ್ಲರೀ. ಸೊಸಿ ಬ್ಯಾರೆ ಆಗ್ಯಾಳ. ಆಕಿ ಒಲಿ ರಾಯಚೂರಾಗ ಅದ."

ರಾಧಾ ಟೀಚರ್ ಒತ್ತಿದರು. ನನ್ನ ಬಾಯಲ್ಲಿ ಮಂಡಾಳವಿತ್ತು. ಬಾಗಿಲವರೆಗೆ ಕಳಿಸಲು ಹೋದಾಗ ಅವರು ನನ್ನ ಕೈ ಹಿಡಿದು ದನಿ ತಗ್ಗಿಸಿದರು. "ಇಂಥಾ ಅತ್ತಿನ್ನ, ಗಂಡನ್ನ ಬಿಟ್ಟು ಬ್ಯಾರೆ ಆಗೋದು ಯಾಕ ಬೇಕಿತ್ತರೀ ನಿಮಗ? ಬ್ಯಾರೆ ಮನಿ ಬೇಕಂತ ನೀವ ಮುಂಗಡ ಕೊಟ್ಟಿದ್ರಂತ ವೀರಭದ್ರಮ್ಮ ಹೇಳಾಕತ್ತಿದ್ಲು."

ಸುಳ್ಳು ಎನ್ನಲು ಬಾಯಿ ತೆರೆದೆ. ಯೋಚಿಸಿ ನೋಡಿದರೆ ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ರಾಯಚೂರು ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟೆ.